ಐದೇ ಐದು ಕಿಂಡಿ

ಅವಳಿಗೆ ಪೊರಕಮ್ಮ ಎಂದು ಹೆಸರಿಟ್ಟವರು ಯಾರೆಂದು ಆ ಆಫೀಸಿನಲ್ಲಿ ಈಗ ಯಾರೂ ಒಪ್ಪಿಕೊಳ್ಳುವುದಿಲ್ಲ. ಹೆಸರು ಮಾತ್ರ ಅಂಟಿದ್ದು ಅಂಟಿದ್ದೇ. ಮೇಜಿನ ಮೇಲೆ ಎರಡು ಪೆನ್ನು ಕಂಡರೆ ಒಂದನ್ನು ಡ್ರಾಯರಿಗೆ ಸೇರಿಸುವವಳು ಅವಳು. ಬೇರೆಯವರು ಅರ್ಧ ಕುಡಿದಿಟ್ಟ ಕಾಫಿಯನ್ನೂ ಚೆಲ್ಲಿ, ಲೋಟ ತೊಳೆದು, ಬೋರಲು ಹಾಕಿ ಬರುವವಳು. ಮನೆಯಲ್ಲೂ ಅದೇ ರಾಗ ಅದೇ ಹಾಡು. "ಇವಳ ಕಣ್ಣಿಗೆ ಬೀಳದ ಹಾಗೆ ಕೂತಿರ್ಬೇಕಪ್ಪ, ಹಳೇದಾಯ್ತು ಅಂತ ನನ್ನನ್ನೂ ಎಲ್ಲಿ ಹೊರಗಿಟ್ಟುಬಿಡ್ತಾಳೋ" ಎಂದು ಅವಳ ಅತ್ತೆ ಬಂದುಹೋದವರ ಎದುರೆಲ್ಲ ಹೇಳಿ ನಗುತ್ತಿದ್ದರು. ಗಂಡ ನಗುತ್ತಿರಲಿಲ್ಲ. ಅವನು ಶಾಲೆಯಲ್ಲಿ ಆಡುತ್ತಿದ್ದ ಹಾಕಿ ಕೋಲು ಯಾವ ದಾರಿ ಹಿಡಿದು ಹೋಯಿತೆಂದು ಅವನಿಗೆ ಇನ್ನೂ ಪತ್ತೆಯಾಗಿರಲಿಲ್ಲ.

ಅವಳ ಕೆಲಸ ಒಂದು ಆನ್‌ಲೈನ್ ಅಂಗಡಿಯಲ್ಲಿ. ಪಾತ್ರೆ, ಹೊದಿಕೆ, ಏಣಿ, ಮಕ್ಕಳ ಸಾಮಾನು ಎಲ್ಲ ಮಾರುವ ಅಂಗಡಿ. ಅಂಗಡಿಗೆ ಬಾಗಿಲಿಲ್ಲ, ಹಾಗಾಗಿ ಜಗಳವಾಡಲು ಬಂದವರು ನಿಲ್ಲುವುದಕ್ಕೆ ಜಾಗವೂ ಇಲ್ಲ. ಕೊಂಡವರ ದೂರು, ಪ್ರಶ್ನೆ, ಬೈಗುಳ ಎಲ್ಲವೂ ಸಂದೇಶಗಳಾಗಿ ಒಂದು ಸಾಫ್ಟ್‌ವೇರಿಗೆ ಬಂದು ಬೀಳುತ್ತವೆ. ಅವುಗಳಿಗೆ ಉತ್ತರ ಕೊಡುವವರು ಮೂರನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಎದುರುಬದುರಾಗಿ ಕೂತಿರುತ್ತಾರೆ. ಸಂದೇಶಗಳ ರಾಶಿ ಒಂದೇ, ಅದನ್ನು ನೋಡುವ ಕಿಂಡಿಗಳು ಹಲವು. ಹಣ ವಾಪಸ್ ಕೇಳಿದವರನ್ನು ಮಾತ್ರ ತೋರಿಸುವುದು ಒಂದು ಕಿಂಡಿ, ಪಾರ್ಸೆಲ್ ಬಂದಿಲ್ಲ ಎನ್ನುವವರನ್ನು ತೋರಿಸುವುದು ಇನ್ನೊಂದು. ಸಾಫ್ಟ್‌ವೇರಿನವರು ಅದಕ್ಕೆ ವ್ಯೂ ಎನ್ನುತ್ತಾರೆ. ಈ ಕೋಣೆಯವರು ಮೊದಲಿನಿಂದಲೂ ಕಿಂಡಿ ಎಂದೇ ಕರೆದುಕೊಂಡು ಬಂದಿದ್ದರು.

ಯಾರು ಬೇಕಾದರೂ ಕಿಂಡಿ ಕೊರೆಯಬಹುದು ಎಂದಿದ್ದರೆ ಕೇಳಬೇಕೆ? ಪರದೆಯ ಎಡಗಡೆ ಅವು ನಾಯಿಕೊಡೆಗಳ ಹಾಗೆ ಎದ್ದಿದ್ದವು. "ಅರ್ಜೆಂಟ್" ಎಂಬುದೊಂದು, "ಹೊಸ ಅರ್ಜೆಂಟ್" ಇನ್ನೊಂದು, "ನಿಜವಾಗ್ಲೂ ಅರ್ಜೆಂಟ್" ಮಗದೊಂದು. "ಶನಿವಾರದ ತಲೆನೋವು" ಇತ್ತು. "ಮುಟ್ಟಬೇಡಿ" ಇತ್ತು, ಅದಕ್ಕೊಂದು ತಮ್ಮನೂ ಇದ್ದ, "ಮುಟ್ಟಬೇಡಿ ಎರಡು". ಕೆಲಸ ಬಿಟ್ಟುಹೋದವರ ಕಿಂಡಿಗಳು, ಮದುವೆಯಾಗಿ ಬೇರೆ ಊರು ಸೇರಿದವರ ಕಿಂಡಿಗಳು. ಕೆಳಗಿನದನ್ನು ನೋಡಬೇಕೆಂದರೆ ಮೌಸಿನ ಚಕ್ರ ತಿರುಗಿಸಿ ತಿರುಗಿಸಿ ಬೆರಳು ಸವೆಯಬೇಕು. ಪೊರಕಮ್ಮ ತಂಡದ ಮುಖ್ಯಸ್ಥೆಯಾದ ದಿನದಿಂದ ಆ ಎಡಗಡೆಯನ್ನು ನೋಡಿದಾಗಲೆಲ್ಲ ಅವಳ ಕೈ ತುರಿಸುತ್ತಿತ್ತು.

ಕೊನೆಗೆ ಮ್ಯಾನೇಜರ್ "ಮಾಡಮ್ಮ, ಯಾರು ಬೇಡ ಅಂದ್ರು" ಎಂದರು. ಅವಳು ಎಲ್ಲರಿಗೂ ಹೇಳಿಯೇ ಮಾಡಿದಳು, ಕದ್ದುಮುಚ್ಚಿ ಮಾಡಲಿಲ್ಲ. ಯಾವ ಕಿಂಡಿಯಿಂದ ಎಷ್ಟು ಉತ್ತರ ಹೋಗಿದೆ ಎಂದು ಸಾಫ್ಟ್‌ವೇರೇ ಲೆಕ್ಕ ಕೊಡುತ್ತಿತ್ತು. ಸೊನ್ನೆ ಇದ್ದದ್ದೆಲ್ಲ ಹೋಗಲಿ ಎಂದು ನಿಯಮ ಮಾಡಿದಳು. "ಮಾಮನ ಮೂಲೆ" ಎಂಬ ಕಿಂಡಿಯ ಮುಂದೆಯೂ ಸೊನ್ನೆಯೇ ಇತ್ತು. ಮಾಮ ಎಂದರೆ ಹಿಂದೆ ಈ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯನಾಗಿದ್ದವನು, ನಿವೃತ್ತನಾಗಿ ಹೋಗಿ ಬಹಳ ಕಾಲವಾಗಿತ್ತು. "ಇದು ಯಾರಿಗಾದ್ರೂ ಬೇಕಾ?" ಎಂದು ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. ಕನ್ನಡಕ ಎಂದು ಎಲ್ಲರೂ ಕರೆಯುವ ಹುಡುಗ ಮಾತ್ರ ಅಂದು ಇರಲಿಲ್ಲ, ತಾಯಿಯ ಕಣ್ಣಿನ ಆಪರೇಷನ್ ಎಂದು ರಜೆಯಲ್ಲಿದ್ದ. ಪೊರಕಮ್ಮ ಒತ್ತಿದಳು, ಮಾಮನ ಮೂಲೆ ಹೋಯಿತು.

ಅದೇ ಹುರುಪಿನಲ್ಲಿ ತಾನಾಗಿ ಹೋಗುವ ಉತ್ತರಗಳಿಗೂ ಕೈ ಹಾಕಿದಳು. ಸಂದೇಶ ಬಂದ ಕೂಡಲೇ ಸಾಫ್ಟ್‌ವೇರ್ ತಾನೇ ಒಂದು ಉತ್ತರ ಕಳಿಸುತ್ತದಲ್ಲ, ಅಂಥವು ಒಂದೊಂದು ಸಾಮಾನಿಗೆ ಒಂದೊಂದು ಇದ್ದವು. ಎಲ್ಲವನ್ನೂ ತೆಗೆದು ಒಂದೇ ಒಂದನ್ನು ತಾನೇ ಕೂತು ಬರೆದಳು. "ನಮಸ್ಕಾರ. ನಿಮ್ಮ ಮಾತನ್ನು ಓದಿದ್ದೇವೆ. ನಮ್ಮವರು ಬೇಗ ನಿಮ್ಮನ್ನು ಸಂಪರ್ಕಿಸುತ್ತಾರೆ. ಅಲ್ಲಿಯವರೆಗೆ ದಯವಿಟ್ಟು ಸಾಮಾನಿಗೆ ಏನನ್ನೂ ಕಟ್ಟಬೇಡಿ, ಅಂಟಿಸಬೇಡಿ, ಬಂದ ಹಾಗೆಯೇ ಬಳಸಿ." ಬಿರುಕು ಬಿಟ್ಟ ಬೋಗುಣಿಗೆ ಅಂಟು ಮೆತ್ತಿ ಹಣ ವಾಪಸ್ ಕೇಳುವವರ ಕಾಟ ಅಷ್ಟಿತ್ತು. "ತಲುಪಿದೆ" ಎನ್ನುವುದು ಒಣಒಣ ಎನಿಸಿ "ಓದಿದ್ದೇವೆ" ಎಂದು ತಿದ್ದಿದ್ದಳು.

ಮರುದಿನ ಎಲ್ಲರ ಪರದೆಯ ಎಡಗಡೆ ಐದೇ ಐದು ಕಿಂಡಿ ಉಳಿದಿದ್ದವು. ಕೋಣೆಯವರು ಚಪ್ಪಾಳೆ ತಟ್ಟಿದರು. "ಈಗ ಉಸಿರಾಡೋ ಹಾಗಾಯ್ತು ನೋಡಿ" ಎಂದರು ಮ್ಯಾನೇಜರ್. ನೆಗಡಿ ಬಂತೆಂದು ಮೂಗು ಕೊಯ್ದ ಕಥೆ ಎಲ್ಲರಿಗೂ ಗೊತ್ತು, ಆದರೆ ಕೊಯ್ದ ದಿನ ಉಸಿರಾಟ ಸಲೀಸಾಗಿರುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಪೊರಕಮ್ಮ ಆ ಸಂಜೆ ಮನೆಗೆ ಹೋಗಿ ಎರಡು ತುತ್ತು ಹೆಚ್ಚೇ ಉಂಡಳು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಎದ್ದಿದ್ದರು. ಫೋನ್ ಹೊಡೆದುಕೊಂಡಿತು, ಪೊರಕಮ್ಮ ಎತ್ತಿದಳು. ಆ ಕಡೆ ಒಬ್ಬ ಮುದುಕರು.

"ತಾಯಿ, ನಾನು ಎರಡು ಸಲ ಬರ್ದೆ. ಓದಿದ್ದೀವಿ ಅಂತೀರಿ, ಆಮೇಲೆ ಉಸಿರೇ ಇಲ್ಲ. ಮೊಮ್ಮಗಳ ತೊಟ್ಟಿಲಿನ ಚಕ್ರ ಕಿರ್ರೋ ಅನ್ನತ್ತೆ. ಎಣ್ಣೆ ಬಿಡ್ಬೋದಾ ಬೇಡ್ವಾ, ಅಷ್ಟು ಹೇಳಿ ಸಾಕು."

"ಬಿಡಿ ತಾತ, ಏನೂ ಆಗಲ್ಲ. ನಿಮ್ಮ ಮೆಸೇಜ್ ಯಾಕೆ ನಿಂತಿದೆ ನೋಡ್ತೀನಿ ಇರಿ" ಎಂದು ಅವಳು ಒಂದನೇ ಕಿಂಡಿ ತೆರೆದಳು, ಅಲ್ಲಿರಲಿಲ್ಲ. ಎರಡು, ಮೂರು, ನಾಲ್ಕು, ಐದು. ಎಲ್ಲಿಯೂ ಇರಲಿಲ್ಲ. ಮುದುಕರ ಹೆಸರು ಹಾಕಿ ಹುಡುಕಿದರೆ ಸಂದೇಶ ಪಟ್ಟನೆ ಎದುರಿಗೆ ಬಂತು, ಎರಡೂ ಸಲದ್ದು. ಅದರ ನೆತ್ತಿಯ ಮೇಲೆ ಒಂದು ಪುಟ್ಟ ಬೂದು ಚೀಟಿ, "ಮಾಮ" ಎಂದು. ಆಮೇಲೆ ಮಾಡ್ತೀನಿ ಎಂದು ಮುದುಕರಿಗೆ ಹೇಳಿ ಪೊರಕಮ್ಮ ಫೋನ್ ಇಟ್ಟಳು.

ಕನ್ನಡಕ ಊಟದ ಡಬ್ಬಿ ತೊಳೆದುಕೊಂಡು ಒಳಗೆ ಬಂದ. ಅವಳು ಕೈ ಮಾಡಿ ಕರೆದಳು. "ಈ ಮಾಮ ಅನ್ನೋ ಚೀಟಿ ಏನೋ ಇದು?"

"ಅದಾ? ಮಾಮ ಇದ್ದಾಗ ಮಾಡಿದ್ದಕ್ಕಾ. ಮಗು, ತೊಟ್ಟಿಲು, ಕೊಂಡಿ ಅಂತ ಯಾವ ಮೆಸೇಜಲ್ಲಿ ಬಂದ್ರೂ ಅದನ್ನ ದೊಡ್ಡ ರಾಶಿಯಿಂದ ತೆಗೆದು ಬೇರೆ ಇಡತ್ತೆ. ಬೈಗುಳದ ಮಧ್ಯೆ ಕಳೆದುಹೋಗಬಾರ್ದು ಅಂತ. ಮಾಮ ಹೋಗೋವಾಗ ನನಗೆ ವಹಿಸಿದ್ದ. ಬೆಳಿಗ್ಗೆ ಬಂದ ತಕ್ಷಣ ಮಾಮನ ಮೂಲೆ ನೋಡಿ ಒಬ್ಬೊಬ್ಬರಿಗೂ ಫೋನ್ ಮಾಡ್ತಿದ್ದೆ. ಮಕ್ಕಳ ವಿಷ್ಯ ಬರ್ಕೊಂಡು ಕೂರಬಾರ್ದು, ಫೋನೇ ಎತ್ತಬೇಕು ಅಂತ ಮಾಮನ ಕಟ್ಟಪ್ಪಣೆ."

ಫೋನ್ ಮಾಡುತ್ತಿದ್ದ. ಬರೆಯುತ್ತಿರಲಿಲ್ಲ. ಅದಕ್ಕೇ ಆ ಕಿಂಡಿಯ ಮುಂದೆ ಸೊನ್ನೆ ಇತ್ತು.

"ಈಗ ಯಾರು ಮಾಡ್ತಿದ್ದಾರೆ?" ಎಂದಳು.

ಕನ್ನಡಕ ನಗಲು ಹೋಗಿ ನಿಲ್ಲಿಸಿದ. "ನಾನು ರಜೆಯಿಂದ ಬಂದಾಗ ಕಿಂಡಿ ಇರ್ಲಿಲ್ಲ. ಹೊಸ ಐದರಲ್ಲಿ ಹಂಚಿಹೋಗಿರತ್ತೆ, ಯಾರೋ ನೋಡ್ತಿರ್ತಾರೆ ಅಂದ್ಕೊಂಡೆ. ನೀವು ಅದನ್ನ ಸೇರಿಸಿದ್ರಿ ಅಲ್ವಾಕ್ಕಾ?"

ಹತ್ತು ಮಂದಿ ಇದ್ದಲ್ಲಿ ಹಾವು ಸಾಯದು ಅಂತಾರೆ. ಇಲ್ಲಿ ಹಾವು ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ. ಪೊರಕಮ್ಮ ತೆಗೆದದ್ದು ಕಿಂಡಿಯನ್ನು ಮಾತ್ರ. ಮಕ್ಕಳ ಮಾತು ಬಂದಾಗಲೆಲ್ಲ ಅದನ್ನು ರಾಶಿಯಿಂದ ಎತ್ತಿ ಆಚೆಗಿಡುವ ಆ ಹಳೆಯ ನಿಯಮ ಹಾಗೇ ಉಳಿದು, ತನ್ನ ಪಾಡಿಗೆ ತಾನು ಎತ್ತಿಡುತ್ತಲೇ ಇತ್ತು. ಎತ್ತಿಟ್ಟದ್ದನ್ನು ನೋಡಲು ಲೋಕದಲ್ಲಿ ಒಂದು ತೂತೂ ಇರಲಿಲ್ಲ.

"ಕೂತ್ಕೋ. ಆ ಕಿಂಡಿ ಮತ್ತೆ ಮಾಡು. ಈಗಲೇ."

ಕನ್ನಡಕನ ಬೆರಳುಗಳು ಎರಡು ಸಲ ತಪ್ಪು ಒತ್ತಿದವು. ಮೂರನೆಯ ಸಲಕ್ಕೆ ಮಾಮನ ಮೂಲೆ ಎಡಗಡೆ ಹುಟ್ಟಿ, ಪರದೆಯ ತುಂಬ ಸಂದೇಶಗಳು ಒಂದರ ಕೆಳಗೊಂದು ಇಳಿದವು. ಇಬ್ಬರೂ ಮಾತಿಲ್ಲದೆ ಓದತೊಡಗಿದರು. ಹೆಚ್ಚಿನವು ಏನೂ ಅಲ್ಲದವು. ಬಣ್ಣ ಬೇರೆ ಬಂದಿದೆ, ಹಾಸಿಗೆ ಒಗೆಯಬಹುದೇ, ಚಕ್ರ ಕಿರ್ರೆನ್ನುತ್ತದೆ. ಒಂದೊಂದನ್ನು ದಾಟಿದಾಗಲೂ ಪೊರಕಮ್ಮ ಹಿಡಿದ ಉಸಿರು ಬಿಟ್ಟು ಮುಂದಿನದಕ್ಕೆ ಮತ್ತೆ ಹಿಡಿಯುತ್ತಿದ್ದಳು.

ಆಮೇಲೆ ಮಡಚುವ ತೊಟ್ಟಿಲಿನವು ಶುರುವಾದವು. ಅಂಗಡಿಗೆ ಹೊಸದಾಗಿ ಬಂದ ಸಾಮಾನು ಅದು. ಕತ್ತರಿಯ ಹಾಗೆ ಬಿಚ್ಚಿಕೊಳ್ಳುವ ಕಾಲು, ಮೇಲೆ ಎರಡು ಕಂಬಿ, ಕಂಬಿಗಳ ನಡುವೆ ಬಟ್ಟೆಯ ಜೋಲಿ, ಪಕ್ಕದಲ್ಲೊಂದು ಕೊಂಡಿ. ಸ್ಪ್ರಿಂಗ್ ಇರುವುದರಿಂದ ಒಂದೇ ಕೈಯಲ್ಲಿ ಮಡಚಬಹುದು ಎಂದು ಜಾಹೀರಾತು. ಕೊಂಡಿ ಸಡಿಲ ಎಂದು ಒಬ್ಬರು ಬರೆದಿದ್ದರು. ಕೊಂಡಿ ತಾನಾಗಿ ಜಾರುತ್ತದೆ ಎಂದು ಇನ್ನೊಬ್ಬರು. ಕೊನೆಯಲ್ಲಿ ಒಬ್ಬ ಹೆಂಗಸಿನದು.

"ಮೇಡಂ, ತೊಟ್ಟಿಲ ಕೊಂಡಿ ಆಗಾಗ ಜಾರತ್ತೆ. ನಾನು ಹಳೇ ಬಟ್ಟೆ ಹರಿದು ಕೊಂಡಿಗೆ ಬಿಗಿಯಾಗಿ ಕಟ್ಟಿದೀನಿ. ಈಗ ಅಲ್ಲಾಡಲ್ಲ. ಮಗು ಮಲಗಿಸ್ಬೋದಾ?"

ಅದರ ಕೆಳಗೆ ತಾನಾಗಿ ಹೋದ ಉತ್ತರ. ನಿಮ್ಮ ಮಾತನ್ನು ಓದಿದ್ದೇವೆ. ಏನನ್ನೂ ಕಟ್ಟಬೇಡಿ. ಬಂದ ಹಾಗೆಯೇ ಬಳಸಿ.

ಅದರ ಕೆಳಗೆ ಮತ್ತೆ ಆ ಹೆಂಗಸು. "ಸರಿ ಮೇಡಂ, ಬಟ್ಟೆ ಬಿಚ್ಚಿದೆ. ಹೇಳಿದ್ದು ಒಳ್ಳೇದಾಯ್ತು. ನಾನು ಸುಮ್ಮನೆ ಹೆದರಿದ್ದೆ."

ಪೊರಕಮ್ಮ ಕುರ್ಚಿಯ ತೋಳನ್ನು ಹಿಡಿದುಕೊಂಡಳು. ಅವಳ ಕಣ್ಣು ಆ ಸಾಲನ್ನು ಬಿಟ್ಟು ಕೆಳಗಿಳಿಯಲು ಒಪ್ಪಲಿಲ್ಲ. ಕನ್ನಡಕನೇ ಮುಂದಿನದನ್ನು ಓದಿದ, ಹಿಂದಿನ ಸಂಜೆ ಬಂದದ್ದು. "ಇವತ್ತು ಮತ್ತೆ ಜಾರಿ ಪೂರ್ತಿ ಮಡಚಿಕೊಳ್ತು. ಪುಣ್ಯಕ್ಕೆ ಮಗು ನನ್ನ ಸೊಂಟದ ಮೇಲಿತ್ತು. ಮತ್ತೆ ಕಟ್ಟಲಾ? ನೀವು ಹೇಳಿದ ಮೇಲೇ ಮಾಡ್ತೀನಿ." ಅದಕ್ಕೂ ಅದೇ ಉತ್ತರ ಹೋಗಿತ್ತು. ಓದಿದ್ದೇವೆ. ಕಟ್ಟಬೇಡಿ. ಬಂದ ಹಾಗೆಯೇ ಬಳಸಿ.

ಅವಳು ತಾನೇ ನಂಬರ್ ಒತ್ತಿದಳು. ಆ ಕಡೆ ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದಳು, ಮತ್ತೆ ನಿಂತಿತು. ಮನೆಯಲ್ಲಿ ಚಿಕ್ಕ ಮಗು ಇರುವವಳು ಫೋನ್ ಯಾಕೆ ಎತ್ತುತ್ತಿಲ್ಲ ಎನ್ನುವುದಕ್ಕೆ ನೂರು ಕಾರಣ ಇರಬಹುದು. ಪೊರಕಮ್ಮನ ತಲೆಗೆ ಹೊಳೆದದ್ದು ಒಂದೇ. ತನ್ನ ಮಗಳು ಕೈಗೂಸಾಗಿದ್ದಾಗ ಅವಳೂ ಮಾಡುತ್ತಿದ್ದಳು. ಮಗು ಮಲಗಿತೆಂದರೆ ಮೊದಲು ಫೋನಿನ ಬಾಯಿ ಮುಚ್ಚಿ ಆಮೇಲೆ ಬೇರೆ ಕೆಲಸ. ಮಗು ಮಲಗಿದೆ, ಅದಕ್ಕೇ ಅವಳು ಎತ್ತುತ್ತಿಲ್ಲ. ಎಲ್ಲಿ ಮಲಗಿದೆ?

ವಿಳಾಸ ಇದೇ ಊರಿನದು, ಸೇತುವೆಯ ಆಚೆ. ಅವಳು ಎದ್ದು ಮ್ಯಾನೇಜರ್ ಕೋಣೆಗೆ ನುಗ್ಗಿ ನಿಂತ ನಿಲುವಿನಲ್ಲೇ ಹೇಳಿದಳು. ಮ್ಯಾನೇಜರ್ ಕೆಟ್ಟವರೇನಲ್ಲ. ಎದುರಿಗಿದ್ದ ನೀರನ್ನು ಒಂದೇ ಗುಟುಕಿಗೆ ಕುಡಿದರು. ಆದರೆ ಅವರ ಬಾಯಿಂದ ಬಂದ ಮೊದಲ ಮಾತು ಕುರ್ಚಿಯ ಮಾತಾಗಿತ್ತು.

"ವಕೀಲರನ್ನ ಒಂದು ಮಾತು ಕೇಳೋಣ. ನೀವು ಹೋದ್ರೂ ಏನೂ ಒಪ್ಕೋಬೇಡಿ. ತೊಟ್ಟಿಲು ಪರೀಕ್ಷೆ ಮಾಡೋಕೆ ಬಂದಿದ್ದೀವಿ ಅನ್ನಿ, ಅಷ್ಟೇ."

"ಸರ್, ಮಗು ಅದರೊಳಗಿರತ್ತೆ."

"ಗೊತ್ತು. ಹೋಗಿ ಹೋಗಿ. ಆದ್ರೆ ಬಾಯಿ ಮೇಲೆ ಹಿಡಿತ ಇರ್ಲಿ."

ಉಳಿದ ಮನೆಗಳಿಗೆ ಫೋನ್ ಮಾಡಲು ಕನ್ನಡಕನನ್ನು ಕೂರಿಸಿ ಅವಳು ಮೆಟ್ಟಿಲಿಳಿದಳು. ಬ್ಯಾಗನ್ನು ಕುರ್ಚಿಯ ಮೇಲೆ ಬಿಟ್ಟು ಬಂದದ್ದು ಟ್ಯಾಕ್ಸಿ ಹತ್ತಿದ ಮೇಲೆ ನೆನಪಾಯಿತು. ಡ್ರೈವರ್ ಮಾತಿನ ಮಲ್ಲ. ಸೇತುವೆಯ ರಿಪೇರಿ, ಅವನ ಮಂಡಿನೋವು, ಅವನ ಷಡ್ಡಕನ ದುರಾಸೆ, ಒಂದೂ ಬಿಡದೆ ಹೇಳಿದ. ಸೇತುವೆಯ ಮೇಲೆ ಗಾಡಿಗಳು ಆಮೆಯಾಗಿದ್ದವು. ಮುಂದೆ ಒಂದು ಸಿಮೆಂಟ್ ಲಾರಿ, ಪಕ್ಕದಲ್ಲಿ ಬಸ್ಸು, ಬಸ್ಸಿನ ಕಿಟಕಿಯಲ್ಲಿ ಒಬ್ಬಳು ತಾಯಿ ಮಗುವಿನ ಮೂಗು ಒರೆಸುತ್ತಿದ್ದಳು. ಪೊರಕಮ್ಮ ಆ ಕಡೆಯಿಂದ ಮುಖ ತಿರುಗಿಸಿದಳು.

ಫೋನ್ ಹೊಡೆದುಕೊಂಡಿತು. ಕನ್ನಡಕ.

"ಅಕ್ಕಾ, ಇಬ್ಬರು ಸಿಕ್ಕಿದ್ರು. ಒಬ್ಬರು ತೊಟ್ಟಿಲು ಬಳಸ್ತಾನೇ ಇಲ್ಲ, ಬಟ್ಟೆ ಒಣಗಿಸ್ತಾರಂತೆ. ಇನ್ನೊಬ್ಬರ ಮನೇಲಿ..." ಅವನು ನಿಲ್ಲಿಸಿದ.

"ಏನು? ಹೇಳು."

"ಅವರ ಮನೇಲಿ ಮಡಚಿಕೊಂಡಿದೆ. ದೊಡ್ಡ ಹುಡುಗಿ ಪಕ್ಕದಲ್ಲಿ ನಿಂತಿದ್ಲಂತೆ, ಮಣಿಕಟ್ಟು ಸಿಕ್ಕಿಕೊಂಡು ಮೂಳೆ ಬಿರುಕು ಬಿಟ್ಟಿದೆ. ಆರು ವರ್ಷದ ಹುಡುಗಿ. ಅವರಮ್ಮ ನನ್ನ ಬೈಲಿಲ್ಲಕ್ಕಾ. ಈಗ ಫೋನ್ ಮಾಡ್ತಿದ್ದೀರಾ ಅಂದ್ರು, ಅಷ್ಟೇ. ಇಟ್ಬಿಟ್ರು."

ಆರು ವರ್ಷದವಳ ಮೂಳೆ. ಕೈಗೂಸಿನದು ಇನ್ನೆಷ್ಟು ಗಟ್ಟಿ ಇದ್ದೀತು? ಅವಳು ಬೇಡಬೇಡವೆಂದರೂ ಮನಸ್ಸು ಆ ಕಂಬಿಗಳನ್ನು ಕೂಡಿಸಿ ಕೂಡಿಸಿ ತೋರಿಸುತ್ತಿತ್ತು. ಜೀವಮಾನದಲ್ಲಿ ಅವಳು ಹೀಗೆ ಹೆದರಿರಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ ಅಲ್ಲವೇ ಅಲ್ಲ, ಅದೆಲ್ಲ ಎಲ್ಲೋ ದೂರದಲ್ಲಿತ್ತು. ಒಂದು ಮನೆಯ ಬಾಗಿಲು ತೆರೆಯುತ್ತದೆ, ಅದರ ಹಿಂದೆ ಏನಿರುತ್ತದೆ? ಅವಳಿಗೆ ಉಳಿದದ್ದು ಆ ಒಂದು ಪ್ರಶ್ನೆ.

"ಸ್ವಲ್ಪ ಬೇಗ ಹೋಗಪ್ಪ" ಎಂದಳು.

"ಹಾರಕ್ಕಾಗತ್ತಾ ಮೇಡಂ?" ಎಂದ ಡ್ರೈವರ್. ಕನ್ನಡಿಯಲ್ಲಿ ಅವಳ ಮುಖ ಕಂಡಿತೋ ಏನೋ, ಷಡ್ಡಕನನ್ನು ಅಲ್ಲಿಗೇ ಬಿಟ್ಟು, ಲಾರಿಯ ಪಕ್ಕದ ಸಂದಿನಲ್ಲಿ ಗಾಡಿ ತೂರಿಸಿದ.

ನಾಲ್ಕು ಮಹಡಿಯ ಹಳೆಯ ಕಟ್ಟಡ. ಲಿಫ್ಟಿನ ಬಾಗಿಲಿಗೆ ಕೆಟ್ಟಿದೆ ಎಂದು ರಟ್ಟು ತೂಗುಹಾಕಿದ್ದರು. ಮೆಟ್ಟಿಲ ಗೋಡೆಗಳ ಮೇಲೆ ಸೈಕಲ್ ಉಜ್ಜಿದ ಗೆರೆಗಳು, ಪ್ರತಿ ಮನೆಯ ಮುಂದೆ ಚಪ್ಪಲಿಗಳು. ಪೊರಕಮ್ಮ ಕಟಕಟೆ ಹಿಡಿದು ಏದುಸಿರು ಬಿಡುತ್ತಾ ಹತ್ತಿದಳು. ಹತ್ತುವಾಗ ಕಿವಿಯನ್ನೆಲ್ಲ ಮೇಲಕ್ಕಿಟ್ಟಿದ್ದಳು, ಮಗುವಿನ ಅಳು ಕೇಳಲಿ ಎಂದು ಬೇಡಿಕೊಳ್ಳುತ್ತಿದ್ದಳು. ಅಳುವ ಮಗು ಎಂದರೆ ಬದುಕಿರುವ ಮಗು. ಮೇಲಿನ ಮಹಡಿ ಸದ್ದಿಲ್ಲದೆ ಇತ್ತು.

ಕರೆಗಂಟೆಯ ಗುಂಡಿಯ ಮೇಲೆ ಪಟ್ಟಿ ಅಂಟಿಸಿತ್ತು. ಅವಳು ಬಾಗಿಲು ತಟ್ಟಿದಳು. ಯಾರೂ ಬರಲಿಲ್ಲ. ಅಂಗೈಯಿಂದ ಬಡಿದಳು. ಒಳಗೆ ಹೆಜ್ಜೆಯ ಸದ್ದು, ಚಿಲಕ ಸರಿದು ಬಾಗಿಲು ಅರ್ಧ ತೆರೆಯಿತು. ಎಳೆಯ ಹೆಂಗಸು, ಭುಜದ ಮೇಲೆ ಒದ್ದೆ ಬಟ್ಟೆ, ತುಟಿಯ ಮೇಲೆ ಬೆರಳು.

"ಶ್... ಮೆಲ್ಲಗೆ. ಈಗಷ್ಟೇ ಮಲಗಿದಾನೆ. ಯಾರು ನೀವು?"

ಪೊರಕಮ್ಮ ಅಂಗಡಿಯ ಹೆಸರು ಹೇಳಿದಳು. ಹೆಂಗಸಿನ ಮುಖ ಅರಳಿತು.

"ಅಯ್ಯೋ, ಮನೆಗೇ ಬಂದ್ರಾ! ಫೋನ್ ಮಾಡ್ತಾರೇನೋ ಅಂದ್ಕೊಂಡಿದ್ದೆ. ಬನ್ನಿ ಬನ್ನಿ, ಚಪ್ಪಲಿ ಅಲ್ಲೇ ಇರ್ಲಿ, ಸದ್ದಾಗತ್ತೆ."

"ಮಗು ಎಲ್ಲಿ?"

"ಇನ್ನೆಲ್ಲಿ, ತೊಟ್ಟಿಲಲ್ಲಿ" ಎಂದಳು ಅವಳು ಪಿಸುದನಿಯಲ್ಲಿ.

ಒಂದೇ ಕೋಣೆ, ಅದರ ಮೂಲೆಯಲ್ಲೇ ಅಡುಗೆ ಕಟ್ಟೆ. ಕಿಟಕಿಯ ಕೆಳಗೆ ತೊಟ್ಟಿಲು. ಜೋಲಿ ಕೆಳಕ್ಕೆ ಜಗ್ಗಿತ್ತು, ಬಟ್ಟೆಯ ಅಂಚಿನಿಂದ ಒಂದು ಪುಟ್ಟ ಪಾದ ಹೊರಗೆ ಚಾಚಿತ್ತು. ಕೊಂಡಿ ಅರ್ಧ ಹೊರಗೆ ಬಂದಿರುವುದು ಬಾಗಿಲಿನಿಂದಲೇ ಕಂಡಿತು. ಮಗು ನಿದ್ದೆಯಲ್ಲಿ ಕಾಲು ಒದರಿದಾಗ ಕಂಬಿಗಳು ಒಂದಿಷ್ಟು ಒಳಕ್ಕೆ ವಾಲಿ ಹಿಂದೆ ಬಂದವು. ಅದರೊಂದಿಗೆ ಕೊಂಡಿ ಒಂದು ಕೂದಲೆಳೆಯಷ್ಟು ಸರಿಯಿತು.

"ಮಗು ಎತ್ತಿ" ಎಂದಳು ಪೊರಕಮ್ಮ.

"ಏನು?"

"ಎತ್ತಿ ಅಮ್ಮಾ, ಎತ್ತಿ ಹೊರಗೆ ತಗೊಳ್ಳಿ."

"ಅಯ್ಯೋ ಬೇಡ, ಬೆಳಿಗ್ಗೆಯಿಂದ ಹಠ ಮಾಡಿ ಈಗ ಕಣ್ಣು ಮುಚ್ಚಿದಾನೆ. ಎಬ್ಬಿಸಿದ್ರೆ ಸಂಜೆವರೆಗೂ ಮನೆ ತಲೆ ಮೇಲೆ ಹೊತ್ಕೊಳ್ತಾನೆ. ನೀವು ಒಂದು ಲೋಟ ನೀರು ಕುಡೀರಿ, ಅಷ್ಟರಲ್ಲಿ..."

ಪೊರಕಮ್ಮ ಕಾಯಲಿಲ್ಲ. ಓಡಿದರೆ ಹಲಗೆಯ ನೆಲ ಅದುರೀತೆಂದು ಹೆದರಿ ತುದಿಗಾಲಲ್ಲಿ ಹೋದಳು. ತೊಟ್ಟಿಲ ಮುಂದೆ ಮಂಡಿಯೂರಿ, ಎರಡೂ ಕೈಯಿಂದ ಎರಡು ಕಂಬಿಗಳನ್ನು ಹಿಡಿದು ಹೊರಕ್ಕೆ ಒತ್ತಿದಳು. ಆಗ ಗೊತ್ತಾಯಿತು ಆ ಸ್ಪ್ರಿಂಗಿನ ಬಲ. ಅವಳ ತೋಳುಗಳು ನಡುಗಿದವು. ಕಂಬಿಗಳ ನಡುವೆ ಮಗುವಿನ ಮುಖ, ಬಾಯಿ ಅರ್ಧ ತೆರೆದು, ಮೇಲ್ದುಟಿಯ ಮೇಲೆ ಹಾಲಿನ ಗೆರೆ.

"ನಾನು ಹಿಡಿದಿದ್ದೀನಿ. ಈಗ ಎತ್ತಿ. ಕೈ ಮುಗೀತೀನಿ, ಎತ್ತಿ!"

ಅವಳ ದನಿ ಕೇಳಿ ತಾಯಿಗೆ ಏನು ಅರ್ಥವಾಯಿತೋ, ಬಂದು ಬಗ್ಗಿ ಮಗುವಿನ ಬೆನ್ನ ಕೆಳಗೆ ಕೈ ತೂರಿಸಿದಳು. ತೂಕ ಒಂದು ಕಡೆಗೆ ಹೊರಳಿತು. ಕಟಕ್ ಎಂದು ಕೊಂಡಿ ಕಳಚಿತು. ಬೆವರಿದ ಕೈಯಿಂದ ಒಂದು ಕಂಬಿ ಜಾರಿತು, ಪೊರಕಮ್ಮ ತನ್ನ ಮುಂಗೈಯನ್ನು ಅಡ್ಡಕ್ಕೆ ನಡುವೆ ಕೊಟ್ಟಳು. ಒಂದು ಕಂಬಿ ಮೊಣಕೈಯ ಕೆಳಗೆ, ಇನ್ನೊಂದು ಮಣಿಕಟ್ಟಿನ ಹತ್ತಿರ ಬಂದು ಕಚ್ಚಿಕೊಂಡವು. ಅವಳು ಕೂಗಲಿಲ್ಲ. ಮಗು ಎದ್ದೀತು ಎಂದು ಆ ಗಳಿಗೆಯಲ್ಲೂ ಹಲ್ಲು ಕಚ್ಚಿದಳು, ಮನುಷ್ಯರ ಬುದ್ಧಿಯೇ ಹಾಗೆ. ಅವಳ ತೋಳು ಕೊಟ್ಟ ಆ ಸಂದಿನಿಂದ ತಾಯಿ ಮಗುವನ್ನು ಎಳೆದುಕೊಂಡಳು. ಎದ್ದ ಮಗು ಕಟ್ಟಡವೆಲ್ಲ ಕೇಳುವಂತೆ ಅಳತೊಡಗಿತು. ಪೊರಕಮ್ಮನಿಗೆ ಅಷ್ಟು ಇಂಪಾದ ಸದ್ದು ಹಿಂದೆಂದೂ ಕೇಳಿದ ನೆನಪಿರಲಿಲ್ಲ.

ತಾಯಿ ಮಗುವನ್ನು ಚಾಪೆಯ ಮೇಲಿಟ್ಟು, ಕಾಲಿನಿಂದ ಒಂದು ಕಂಬಿಯನ್ನು ಮೆಟ್ಟಿ ಇನ್ನೊಂದನ್ನು ಎಳೆದು ಅವಳ ಕೈ ಬಿಡಿಸಿದಳು. ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು, ಕೆಳಗಿನ ಬೆರಳುಗಳು ಮರಗಟ್ಟಿದ್ದವು. ಇಬ್ಬರೂ ನೆಲದ ಮೇಲೆ ಕೂತು ಪೂರ್ತಿ ಮಡಚಿಕೊಂಡು ನಿಂತ ತೊಟ್ಟಿಲನ್ನು ನೋಡಿದರು. ಕಂಬಿಗಳ ನಡುವೆ ಒಂದು ದಿಂಬು ತೂರಿಸುವಷ್ಟೂ ಜಾಗ ಇರಲಿಲ್ಲ.

"ನೀವು ಬರದೇ ಹೋಗಿದ್ರೆ..." ಎಂದಳು ತಾಯಿ. ಮುಂದೆ ಹೇಳಲಾಗದೆ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಆಮೇಲೆ ತಟ್ಟನೆ ಎದ್ದಳು. "ನಿಮ್ಮ ಕೈ! ಇರಿ, ನೀರು ತರ್ತೀನಿ. ಇವನನ್ನ ಸ್ವಲ್ಪ ಹಿಡ್ಕೊಳ್ಳಿ" ಎಂದು ಅಳುವ ಮಗುವನ್ನು ಎತ್ತಿ ಪೊರಕಮ್ಮನ ಮಡಿಲಿಗೆ ಹಾಕಿ ಅಡುಗೆ ಕಟ್ಟೆಯ ಕಡೆ ಹೋದಳು.

ಮಗು ಬಿಸಿಯಾಗಿತ್ತು, ಭಾರ ಎನ್ನಲೂ ಆಗದು, ಹಗುರ ಎನ್ನಲೂ ಆಗದು. ಅದು ಅವಳ ಭುಜಕ್ಕೆ ಮುಖ ಒತ್ತಿ ಬಿಕ್ಕಿತು, ಬಿಕ್ಕುತ್ತಾ ಬಿಕ್ಕುತ್ತಾ ಸುಮ್ಮನಾಯಿತು. ಪೊರಕಮ್ಮ ಅಲುಗಾಡದೆ ಕೂತಿದ್ದಳು. ಬಂದ ಗಂಡಾಂತರ ಕಳೆಯಿತು, ಇನ್ನು ಹೆದರಿಕೆ ಹೋಗಬೇಕಿತ್ತು. ಅದು ಹೋಗಲಿಲ್ಲ, ಜಾಗ ಬದಲಿಸಿತು ಅಷ್ಟೇ. ಈಗ ಅದು ಅಡುಗೆ ಕಟ್ಟೆಯ ಹತ್ತಿರ ನಲ್ಲಿ ತಿರುಗಿಸುತ್ತಿದ್ದ ಆ ಹೆಂಗಸಿನ ಬೆನ್ನಿನಲ್ಲಿತ್ತು.

ತಾಯಿ ಬೋಗುಣಿಯಲ್ಲಿ ನೀರು ತಂದು, ಒದ್ದೆ ಬಟ್ಟೆಯಿಂದ ಅವಳ ಗಾಯ ಒರೆಸತೊಡಗಿದಳು. ಒರೆಸುತ್ತಾ ಮಾತು.

"ಎಂಥ ಅಂಗಡಿ ಮೇಡಂ ನಿಮ್ದು! ಈ ಕಾಲದಲ್ಲಿ ಯಾರು ಬರ್ತಾರೆ ಹೀಗೆ? ನಮ್ಮ ಯಜಮಾನ್ರು ಗಾಡಿ ಓಡಿಸೋಕೆ ಹೋದ್ರೆ ಮೂರು ದಿನ ಮನೆ ಕಡೆ ಬರಲ್ಲ. ಯಾರನ್ನ ಕೇಳ್ಲಿ ನಾನು? ನಿಮ್ಮನ್ನೇ ಕೇಳಿದೆ. ಬರೆದ ತಕ್ಷಣ ಓದಿ ಉತ್ತರ ಕೊಟ್ರಿ, ಇವತ್ತು ಕೈಯನ್ನೇ ಕೊಟ್ರಿ. ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಪೊರಕಮ್ಮ ಸುಮ್ಮನಿರಬಹುದಿತ್ತು. ತೊಟ್ಟಿಲು ಪರೀಕ್ಷೆಗೆ ಬಂದೆ ಎಂದು ಹೇಳಿ, ಅದನ್ನು ಹೊತ್ತುಕೊಂಡು, ಅವಳ ಹಾರೈಕೆಯನ್ನೂ ಹೊತ್ತುಕೊಂಡು ಇಳಿದು ಹೋಗಬಹುದಿತ್ತು. ಅವಳ ಜೇಬಿನಲ್ಲಿ ಫೋನ್ ಗುರುಗುಡುತ್ತಿತ್ತು, ಮ್ಯಾನೇಜರ್ ಇರಬೇಕು. ಮಗುವಿನ ಉಸಿರು ಅವಳ ಕತ್ತಿಗೆ ಬಡಿಯುತ್ತಿತ್ತು. ಆ ಉಸಿರು ತಗಲುತ್ತಿರುವಾಗ ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

"ನಿಮ್ಮ ಮೆಸೇಜ್ ಯಾರೂ ಓದಿರ್ಲಿಲ್ಲ" ಎಂದಳು.

ತಾಯಿಯ ಕೈ ನಿಂತಿತು. "ಹಾಂ?"

"ಇವತ್ತು ಮಧ್ಯಾಹ್ನದವರೆಗೂ ಯಾರೂ ಓದಿರ್ಲಿಲ್ಲ ಅಮ್ಮಾ. ಉತ್ತರ ಬಂತಲ್ಲ, ಅದು ಮಿಷನ್ನು ತಾನಾಗೇ ಕಳಿಸೋದು. ಪಾತ್ರೆ ತಗೊಂಡವರಿಗೂ ಅದೇ, ಏಣಿ ತಗೊಂಡವರಿಗೂ ಅದೇ. ಅದನ್ನ ಬರ್ದಿಟ್ಟವಳು ನಾನು. ನಿಮ್ಮ ಮೆಸೇಜ್ ಯಾರ ಕಣ್ಣಿಗೂ ಬೀಳದ ಹಾಗೆ ಮಾಡಿದವಳೂ ನಾನೇ. ಬೇಕೂಂತ ಮಾಡಿದ್ದಲ್ಲ. ಆದ್ರೆ ನಾನೇ."

ಹೆಂಗಸು ಅವಳನ್ನೇ ನೋಡುತ್ತಿದ್ದಳು. ಕೋಪ ಬರುತ್ತದೆ, ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ಪೊರಕಮ್ಮ ಕಾದಳು. ಬಂದರೆ ಅವಳಿಗೆ ಸಮಾಧಾನವೇ ಆಗುತ್ತಿತ್ತು.

"ನಾನು ಗಟ್ಟಿಯಾಗಿ ಕಟ್ಟಿದ್ದೆ" ಎಂದಳು ತಾಯಿ ನಿಧಾನವಾಗಿ. "ಮೂರು ಗಂಟು ಹಾಕಿದ್ದೆ. ಬಿಚ್ಚೋಕೆ ಬರ್ಲಿಲ್ಲ ಅಂತ ಕತ್ತರೀಲಿ ಕತ್ತರಿಸ್ದೆ. ನೀವು ಹೇಳಿದ್ರಿ ಅಂತ."

"ಹೌದು."

ತಾಯಿ ಒದ್ದೆ ಬಟ್ಟೆಯನ್ನು ಬೋಗುಣಿಗೆ ಹಾಕಿದಳು. ಗಾಯ ಅರ್ಧ ಒರೆಸಿದಂತೆಯೇ ಉಳಿಯಿತು. ಕೈಗಳನ್ನು ತನ್ನ ಬಟ್ಟೆಗೆ ಒರೆಸಿಕೊಂಡು ಎರಡನ್ನೂ ಮುಂದಕ್ಕೆ ಚಾಚಿದಳು.

"ಮಗು ಕೊಡಿ."

ಪೊರಕಮ್ಮ ಕೊಡಲು ಹೋದಳು. ಆದರೆ ನಿದ್ದೆಗೆ ಜಾರುತ್ತಿದ್ದ ಮಗು ಅವಳ ಕಾಲರನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ತಾಯಿ ಆ ಪುಟ್ಟ ಬೆರಳುಗಳನ್ನು ತಾನೇ ಒಂದೊಂದಾಗಿ ಬಿಡಿಸಿದಳು. ಬಿಡಿಸಿ, ಮಗುವನ್ನು ಎದೆಗವಚಿಕೊಂಡು, ಅವಳಿಂದ ದೂರ, ಗೋಡೆಯವರೆಗೂ ಹಿಂದೆ ಸರಿದು ನಿಂತಳು.